ಅಯ್ಯಮ್ಮನ ಸೋಮವಾರದ ಮಾತು

“ಅಕ್ಕಾ, ಹೋದ ವಾರ ಲಿಂಗಸುಗೂರಾಗ ನಿಮ್ಮ ಮಾತು ಯಾಕೋ ಸಪ್ಪಗ ಆತ್ರಿ. ಇವತ್ತರ ಸ್ವಲ್ಪ ಮನಸ್ಸಿಟ್ಟು ಹೇಳ್ರಿ,” ಅಂದ ಶಿವಪ್ರಸಾದ.

ಸಿಂಧನೂರಿನ ಹಾಸ್ಟೆಲ್ ಕಟ್ಟಡದಲ್ಲಿ ಅವತ್ತಿನ ಕೆಲಸ ಇನ್ನೂ ಶುರುವಾಗಿರಲಿಲ್ಲ. ಅಯ್ಯಮ್ಮ ನೀರಿನ ಪೈಪು ಬಿಚ್ಚುತ್ತಿದ್ದಳು.

“ಏನಂತ ಮನಸ್ಸಿಡ್ಲಿರಿ ಸಾರ್? ಅಂವ ಒಮ್ಮೆ ಬಿದ್ದು ಸತ್ತಾನ. ನಾ ವಾರಾವಾರ ಮೂರು ಊರಾಗ ಬೀಳಸಾಕತ್ತೀನಿ.”

ಶಿವಪ್ರಸಾದ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ಮಸ್ಕಿಯಲ್ಲಿ, ಇದೇ ಕಂಪನಿ ಕಟ್ಟುತ್ತಿದ್ದ ಕಟ್ಟಡದ ಮೂರನೇ ಅಂತಸ್ತಿನಿಂದ ಅಯ್ಯಮ್ಮನ ಗಂಡ ಆದೆಪ್ಪ ಬಿದ್ದು ಸತ್ತ. ಇನ್ನು ಯಾರೂ ಬೀಳಬಾರದೆಂದು ಕಂಪನಿಯವರು ಈ ಹುಡುಗನನ್ನು ಸುರಕ್ಷತೆಯ ಕೆಲಸಕ್ಕೇ ಅಂತ ಇಟ್ಟುಕೊಂಡರು. ಅವನು ಹೆಲ್ಮೆಟ್ ಕೊಡಿಸಿದ. ಜನ ಅದರಲ್ಲಿ ಉಳ್ಳಾಗಡ್ಡಿ ಹಾಕಿಕೊಂಡು ಮನೆಗೆ ಹೋದರು. ಬೆಲ್ಟ್ ಕೊಡಿಸಿದ; ಅವು ಗೂಟದಲ್ಲಿ ನೇತಾಡಿದವು. ಗೋಡೆಯ ಮೇಲೆ ಅಪಘಾತದ ಸಿನಿಮಾ ಬಿಟ್ಟು ತೋರಿಸಿದರೆ ಮೇಸ್ತ್ರಿ ಹೊನ್ನೂರಪ್ಪ, “ಹೀರೋಯಿನ್ ಯಾವಾಗ ಬರ್ತಾಳ್ರಿ ಸಾರ್?” ಅಂದ.

ಗಂಡ ಹೋದ ಮೇಲೆ ಕಟ್ಟಡಕ್ಕೆ ನೀರು ಹೊಡೆಯಲು ಸೇರಿದ್ದ ಅಯ್ಯಮ್ಮ, ಒಂದು ಸೋಮವಾರ ಮುಂಜಾನೆ ಸುರಕ್ಷತೆಯ ಮಾತಿಗೆ ಜನ ಸೇರಿದಾಗ, ಯಾರೂ ಕೇಳದಿದ್ದರೂ ತಾನೇ ಎದ್ದು ನಿಂತು ಆದೆಪ್ಪ ಬಿದ್ದದ್ದನ್ನು ಹೇಳಿದಳು. ಒಬ್ಬರೂ ಕೆಮ್ಮಲಿಲ್ಲ. ಅವತ್ತು ಬೆಲ್ಟ್ ಇಲ್ಲದೆ ಯಾರೂ ಮೇಲೆ ಹತ್ತಲಿಲ್ಲ. ಅಲ್ಲಿಂದ ಅದೇ ಪದ್ಧತಿಯಾಯಿತು. ಮೊದಲು ಸಿಂಧನೂರು, ಆಮೇಲೆ ಕಂಪನಿ ಜೀಪಿನಲ್ಲಿ ಲಿಂಗಸುಗೂರು, ಮಸ್ಕಿ. ಆಮೇಲೆ ಒಬ್ಬರೂ ಬಿದ್ದಿಲ್ಲ.

“ಮುಂಜಾನೆ ಮಗಳು ಸುಕನ್ಯಾ ಜಡಿ ಹಾಕಿಸ್ಕೋತ ಕೇಳಿದಳ್ರಿ,” ಅಂದಳು ಅಯ್ಯಮ್ಮ. “ಯವ್ವಾ, ಅಪ್ಪ ಹೆಂಗ ನಗತಿದ್ದ ಅಂತ. ನೆನಸೇ ನೆನಸಿದೆ ಸಾರ್. ಬರೇ ಆ ಬಿದ್ದದ್ದ ಬಂತು ಕಣ್ಣಮುಂದ. ಅಷ್ಟು ವರ್ಷ ಬಾಳೇವು ಮಾಡೀನ್ರಿ ಅವನ ಕೂಡ. ಅದೆಲ್ಲ ಎಲ್ಲಿಗೆ ಹೋತು?”

ಅಷ್ಟರಲ್ಲಿ ಜನ ಬಂದು ಕೂತರು.

ಅಯ್ಯಮ್ಮ ಮೆಟ್ಟಿಲ ಮೇಲೆ ನಿಂತಳು. “ನನ್ನ ಗಂಡ ಆದೆಪ್ಪ...” ಅಂದು ಅಲ್ಲಿಗೇ ನಿಲ್ಲಿಸಿದಳು.

“ನನ್ನ ಗಂಡ ಆದೆಪ್ಪ ಸಂಜಿಕ ಮನಿಗೆ ಬಂದ್ರ ಹುಬ್ಬು ಮೀಸಿಗೆಲ್ಲ ಸಿಮೆಂಟ್. ಮಗಳು ‘ಮುದುಕಪ್ಪ ಬಂದ’ ಅಂತಿದ್ಲು. ಅಂವ ಒಳಗ ಬರ್ತಿದ್ದಿಲ್ಲ. ಬಾಗಲದಾಗ ಬೆನ್ನು ಬಗ್ಗಿಸಿ ನಿಂತು, ‘ಹಲ್ಲಿಲ್ಲದಾಂವಗ ಒಂದೀಟು ಮಜ್ಜಿಗಿ ಹಾಕ್ರೆವ್ವಾ’ ಅಂತಿದ್ದ. ‘ಮುಂದಿನ ಮನಿಗೆ ಹೋಗಪ್ಪ, ನಮ್ಮನಿ ಗಂಡಸು ಇನ್ನಾ ಬಂದಿಲ್ಲ’ ಅಂತಿದ್ದೆ ನಾ.”

ಜನ ಗೊಳ್ಳೆಂದು ನಕ್ಕರು.

“ಮಜ್ಜಿಗಿ ಹಾಕ್ತಿದ್ದೇನಬೇ, ಹಂಗ ಕಳಸ್ತಿದ್ದೆ?” ಹೊನ್ನೂರಪ್ಪ ಕೂಗಿದ.

“ಹಾಕ್ತಿದ್ದೆ ಬಿಡೋ ಯಣ್ಣಾ. ಕುಡುದು ನಗತಿದ್ದ. ಸಪ್ಪಳ ಇಲ್ಲ ಏನಿಲ್ಲ, ಬರೇ ಭುಜ ಕುಣೀತಿದ್ವು.”

ಹೇಳಿದ ಮೇಲೆಯೇ ಅವಳಿಗೆ ಅದು ಕಂಡದ್ದು. ಆ ಭುಜ, ಆ ಮೀಸೆಯಲ್ಲಿ ಅಂಟಿದ ಮಜ್ಜಿಗೆ. ಮತ್ತೇನೂ ಹೇಳದೆ ಕೆಳಗಿಳಿದಳು.

“ಬಿದ್ದದ್ದು ಹೇಳ್ಲೇ ಇಲ್ರಿ ಅಕ್ಕಾ,” ಅಂದ ಶಿವಪ್ರಸಾದ, ಮೆಲ್ಲಗೆ.

“ಇಲ್ರಿ. ಇನ್ನ ಹೇಳಂಗಿಲ್ಲ. ಸಿಕ್ಕಾನ ಇವತ್ತ. ಹಿಂಗ ಮನಿಗೆ ಕರ್ಕೊಂಡು ಹೋಗ್ತೀನಿ, ಮಗಳು ಕೇಳ್ಯಾಳ.”

“ಆತ್ರಿ ಅಕ್ಕಾ. ನಾ ಬ್ಯಾರೆ ಏನರ ನೋಡ್ತೀನಿ.”

ಮಿಕ್ಸರ್ ಗುಡುಗಿತು. ಅಯ್ಯಮ್ಮ ಗೋಡೆಗೆ ನೀರು ಹಿಡಿದಳು. ಮೇಲೆ, ಬೊಂಬಿನ ಮೇಲೆ ಹಾಸಿದ ಹಲಗೆಯಲ್ಲಿ, ಗಾರೆಯ ಹುಡುಗ ವೀರೇಶ ಬೆನ್ನು ಬಗ್ಗಿಸಿ, ಅಂಗೈ ಚಾಚಿ ಹೊನ್ನೂರಪ್ಪನ ಹತ್ತಿರ ಮಜ್ಜಿಗೆ ಬೇಡುತ್ತಿದ್ದ. ಸುತ್ತಲಿದ್ದವರೆಲ್ಲ ನಗುತ್ತಿದ್ದರು. ಅಯ್ಯಮ್ಮನಿಗೂ ನಗು ಬಂತು. ಆಮೇಲೆ ನೋಡಿದಳು: ಅವನ ಮೈಮೇಲೆ ಬೆಲ್ಟ್ ಇರಲಿಲ್ಲ. ಪಕ್ಕದವನ ಮೈಮೇಲೂ ಇರಲಿಲ್ಲ.

ಅವಳು ಪೈಪು ಕೆಳಗಿಟ್ಟು, ಹೋಗಿ ಮಿಕ್ಸರ್ ಬಂದ್ ಮಾಡಿದಳು. ಸಪ್ಪಳ ನಿಂತದ್ದಕ್ಕೆ ಎಲ್ಲರೂ ಬಗ್ಗಿ ನೋಡಿದರು. ಕೈ ಮಾಡಿ ಕರೆದಳು. ಒಬ್ಬೊಬ್ಬರಾಗಿ ಇಳಿದು ಬಂದರು, ಕೊನೆಗೆ ವೀರೇಶನೂ ಬಂದ. ಅಯ್ಯಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮತ್ತೆ ಮೆಟ್ಟಿಲ ಮೇಲೆ ನಿಂತು, ಮಸ್ಕಿಯ ಮೂರನೇ ಅಂತಸ್ತಿನಿಂದ ಶುರುಮಾಡಿದಳು.