ಅಡಿಗೆಮನೆಯ ಗಂಡಸು

ಬನಹಟ್ಟಿಯ ಗಿರಿಮಲ್ಲಪ್ಪನಿಗೆ ಒಂದೇ ಚಟ, ಹೆಂಡತಿಯನ್ನು ಹೊಗಳುವುದು. ಅದೂ ಒಂದೇ ಮಾತಿನಲ್ಲಿ: “ನಮ್ಮ ಮಾದೇವಿ ಒಂದಿನಾನೂ ನನಗ ಎದುರ ಮಾತಾಡಿಲ್ಲ ನೋಡ್ರಿ.” ಚಾದಂಗಡಿಯಲ್ಲಿ ಕೂತ ಗಂಡಸರು ತಮ್ಮ ಹಣೆಬರಹ ನೆನೆದು ನಿಟ್ಟುಸಿರು ಬಿಡುತ್ತಿದ್ದರು. ಆ ಮನೆಯ ಪಡಸಾಲೆಯಲ್ಲಿ ನಾಲ್ಕು ಪಾವರ್‌ಲೂಮುಗಳು ದಿನವಿಡೀ ಬಡಿಯುತ್ತಿದ್ದವು, ಅಲ್ಲಿ ಗುಡುಗಿದರೂ ಕೇಳುವಂತಿರಲಿಲ್ಲ ಎಂಬುದು ಒಬ್ಬ ಜಾಣನಿಗೂ ಹೊಳೆಯಲಿಲ್ಲ.

ಎಂಬತ್ತಾರನೆಯ ಇಸವಿಯಲ್ಲಿ ಗಿರಿಮಲ್ಲಪ್ಪ ಊರಾಚೆಯ ಹೊಸ ಕಾಲನಿಯಲ್ಲಿ ಮನೆ ಕಟ್ಟಿಸಿದ. ಮಗ್ಗಗಳು ಹಳೆಯ ಮನೆಯಲ್ಲೇ ಉಳಿದವು. ಕಾಲನಿಯಲ್ಲಿ ಪಕ್ಕದ ಮನೆಯ ಒಗ್ಗರಣೆ ಸಿಡಿಯುವುದೂ ಕೇಳುತ್ತಿತ್ತು.

ಮೊದಲ ವಾರವೇ, ಉಂಡು ಅಡ್ಡಾದವನಿಗೆ ಅಡಿಗೆಮನೆಯಿಂದ ಗಂಡಸಿನ ದನಿ ಕೇಳಿಸಿತು. ಹಿಂದೆಯೇ ಮಾದೇವಿಯ ನಗು. ಎದ್ದು ಹೋದರೆ ಅವಳೊಬ್ಬಳೇ ಪಾತ್ರೆ ತಿಕ್ಕುತ್ತಿದ್ದಳು.

“ಯಾರ ಬಂದಿದ್ರು?”

“ಯಾರ ಬರ್ತಾರ್ರಿ?”

ಮರುದಿನವೂ ಅದೇ ದನಿ, ಅದೇ ನಗು. ಗಿರಿಮಲ್ಲಪ್ಪನಿಗೆ ಅನ್ನ ಸೇರದಾಯಿತು. ಹಿತ್ತಿಲ ಬಾಗಿಲಿಗೆ ಬೀಗ ಜಡಿದ. ಎದುರುಮನೆಯ ಮಾಸ್ತರರನ್ನೂ ಹಾಲಿನವನನ್ನೂ ಬಿಡದೆ ಅನುಮಾನಿಸಿದ. ಮೊಮ್ಮಕ್ಕಳನ್ನು ಕಂಡ ಹೆಂಡತಿ ಕೈಬಿಟ್ಟು ಹೋಗುತ್ತಾಳೆಂದು ಅವನಿಗೆ ಖರೆಯೇ ಹೆದರಿಕೆ ಹುಟ್ಟಿತ್ತು. ಪಾಪ, ತನ್ನ ಧೋತರ ಎಲ್ಲಿರುತ್ತದೆಂಬುದೂ ಅವಳಿಲ್ಲದೆ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪೇಟೆಗೆ ಹೊರಟಂತೆ ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದು, ಅಡಿಗೆಮನೆಯ ಬಾಗಿಲ ಮರೆಗೆ ನಿಂತ. ಒಳಗೆ ರೊಟ್ಟಿ ಬಡಿಯುವ ಸದ್ದು. ಆಮೇಲೆ ಆ ಗಡಸು ದನಿ: “ಪಲ್ಲೆ ಮಾಡೀಯೋ, ದನದ ಮುಸುರಿ ಮಾಡೀಯೋ? ನಾ ದುಡದ ಹಾಕಾಂವ, ನೆಪ್ಪಿರ್ಲಿ!”

ಅದು ಮುಂಜಾನೆ ಅವನೇ ಆಡಿದ ಮಾತು.

ಬೆನ್ನಿಗೇ ಮಾದೇವಿಯ ದನಿ ಬಂತು: “ನಿನ್ನ ನಾಲಿಗಿಗೇನ್ ರುಚಿ ಗೊತ್ತೈತೋ ಮಾರಾಯಾ? ಬಾಯಿ ಮುಚ್ಕೊಂಡ ತಿನ್ನ!”

ಗಿರಿಮಲ್ಲಪ್ಪ ಒಳಗೆ ನುಗ್ಗಿದ. ಅಲ್ಲಿ ಯಾವ ಗಂಡಸೂ ಇರಲಿಲ್ಲ, ಎರಡೂ ದನಿ ಅವಳವೇ. ಮಾದೇವಿ ಹಿಟ್ಟಿನ ಕೈಯಲ್ಲೇ ಗಾಬರಿಯಾಗಿ ಎದ್ದು ನಿಂತಳು. ಮೊದಲು ಅವನಿಗೆ ಹೋದ ಜೀವ ಬಂದಂತಾಯಿತು, ಆಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ನಾಚಿಕೆಯೂ ಬಂತು.

“ಯಾವಾಗಿಂದ ನಡದೈತಿದು?”

“ಮನ್ಯಾಗ ಮಗ್ಗ ಕುಂತಾಗಿಂದರಿ. ಆ ಸಪ್ಪಳದಾಗ ನಿಮಗ ಕೇಳಸ್ತಿದ್ದಿಲ್ಲ. ಅದಕ್ಕೂ ಮೊದಲ ಸುಮ್ಮನ ಇರ್ತಿದ್ನಿ.”

ಗಿರಿಮಲ್ಲಪ್ಪ ಮಣೆ ಎಳೆದುಕೊಂಡು ಕೂತ. ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ಕೇಳಿದ: “ನಾ ಖರೇನ ಹಂಗ ಮಾತಾಡ್ತೇನೇನ?”

“ಇಲ್ಲರಿ,” ಎಂದಳು ಮಾದೇವಿ. “ನಾ ಭಾಳ ಮೆತ್ತಗ ಮಾಡಿ ಅಂತೇನಿ. ಇಲ್ಲಂದ್ರ ನನಗ ಅಂಜಿಕಿ ಬರ್ತೈತಿ.”