ಹದ್ದಿನಕಲ್ಲಿನ ಮುಂಡೀಚಲು

ನಾನು ಒಂದು ಮುಂಡೀಚಲು ಮರ. ನೋಡಿದವರು ಈಚಲು ಎನ್ನುತ್ತಾರೆ, ನಾನು ಈಚಲಲ್ಲ. ಮಡಕೆ ಹಿಡಿದು ಹೆಂಡ ಇಳಿಸಲು ಬಂದವನೊಬ್ಬನಿದ್ದ. ಒಂದಿಷ್ಟು ಅಂಟು ಬಿಟ್ಟರೆ ಏನೂ ಸಿಗದೆ ನನ್ನ ಕುಲವನ್ನೆಲ್ಲ ಬೈದುಕೊಂಡು ಹೋದ. ನಾನೀಗ ಇರುವ ಕಾಲೇಜಿನ ಫಲಕದಲ್ಲಿ ನನ್ನ ಹೆಸರು ಸೈಕಾಸ್. ಯಾರು ಏನಾದರೂ ಕರೆಯಲಿ, ನನಗೆ ಬೇಕಾಗಿದ್ದುದು ಒಂದೇ: ಮೊಳೆಯುವ ಬೀಜ. ನಿಂತಲ್ಲೇ ನಿಂತ ಮರಕ್ಕೆ ಎಂಥ ಚಡಪಡಿಕೆ ಎಂದು ನಗಬೇಡಿ. ಕಾಲಿದ್ದವರಿಗಿಂತ ಕಾಲಿಲ್ಲದವರಿಗೇ ಅದು ಹೆಚ್ಚು.

ಕನಕಪುರದ ಆಚೆ ಹದ್ದಿನಕಲ್ಲು ಎಂಬ ಗುಡ್ಡದಲ್ಲಿ, ಬಂಡೆಯ ಸಂದಿನಲ್ಲಿ ನಾನು ಹುಟ್ಟಿದೆ. ಅಲ್ಲಿ ಮಣ್ಣು ಒಂದು ಬೊಗಸೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಗರಿಯೆಲ್ಲ ಸುಟ್ಟು ಕರಿಯ ಬೊಡ್ಡೆಯಾಗುತ್ತಿದ್ದೆ. ಮೊದಲ ಮಳೆಗೆ ಸುಳಿ ಒಡೆದು ಮತ್ತೆ ಹಸಿರಾಗುತ್ತಿದ್ದೆ. ನಮ್ಮಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನಾನು ಹೆಣ್ಣು. ನಾಲ್ಕು ಮಾರು ದೂರದಲ್ಲಿ ಒಬ್ಬ ಗಂಡಿದ್ದ. ಅವನ ನೆತ್ತಿಯಲ್ಲಿ ಉದ್ದನೆಯ ಗೊನೆ ಎದ್ದು ಘಾಟು ವಾಸನೆ ಹರಡಿದರೆ, ಸಣ್ಣ ದುಂಬಿಗಳು ಅವನ ಪರಾಗದ ಪುಡಿಯನ್ನು ಮೈಗೆ ಮೆತ್ತಿಕೊಂಡು ನನ್ನ ಬಳಿ ಬರುತ್ತಿದ್ದವು.

ಆಗ ನನಗೆ ಬೀಜ ಕಟ್ಟುತ್ತಿತ್ತು. ಗುಡ್ಡದ ತಪ್ಪಲಿನ ಇರುಳಿಗರ ಹಾಡಿಯಿಂದ ಮಾದಿ ಅಜ್ಜಿ ಸೊಸೆಯೊಡನೆ ಆರಿಸಲು ಬರುತ್ತಿದ್ದಳು. ಹಾಗೇ ತಿಂದರೆ ವಿಷ. ಹೋಳು ಮಾಡಿ, ದಿನಗಟ್ಟಲೆ ನೆನೆಸಿ, ನೀರು ಬದಲಿಸಿ ಹಿಟ್ಟು ಮಾಡುತ್ತಿದ್ದರು. ಆರಿಸಿದ್ದನ್ನು ಮೊದಲು ಬಂಡೆಯ ದೊಣೆಯಲ್ಲಿ ನಿಂತ ನೀರಿಗೆ ಹಾಕುವಳು.

"ತೇಲ್ದವು ಜೊಳ್ಳು, ಬಿಸಾಕವ್ವ. ಮುಳುಗ್ದವು ಗಟ್ಟಿ. ಅದ್ರಾಗೂ ನಾಕ್ ಕಾಳ ಸಂದಿಗೆ ತಳ್ಳು, ಗುಡ್ಡದ ಪಾಲು," ಎಂದು ಸೊಸೆಗೆ ಹೇಳುವಳು. ಆ ಮಾತು ನನ್ನ ಬೇರಿಗಿಳಿದಿದೆ.

ಒಂದು ದಿನ ನರ್ಸರಿಯವರು ಲಾರಿ ತಂದರು. ನನ್ನನ್ನೂ ಆ ಗಂಡನ್ನೂ ಕಿತ್ತು, ದೊಡ್ಡ ರಸ್ತೆಯ ಪಕ್ಕದ ಕಲ್ಯಾಣ ಮಂಟಪದ ಗೇಟಿನ ಎಡಕ್ಕೊಂದು ಬಲಕ್ಕೊಂದು ನೆಟ್ಟರು. ಜೋಡಿ ಎಂದು ತಿಳಿದಲ್ಲ, ಅಂದಕ್ಕೆ. ಮದುವೆಯ ಚಪ್ಪರಕ್ಕೆಂದು ನಮ್ಮ ಗರಿ ಕೊಯ್ದರು. ಲಾನಿಗೆ ಬಿಡುವ ನೀರು ಹಗಲೂ ರಾತ್ರಿ ಬುಡ ತೋಯಿಸಿತು. ಆದರೂ ಒಂದು ವರ್ಷ ಅವನ ಗೊನೆ ಎದ್ದಿತು, ವಾಸನೆ ಹರಡಿತು. ನನಗೂ ಅದೇ ಹೊತ್ತು. ಇನ್ನೇನು ಎಂದುಕೊಳ್ಳುವಷ್ಟರಲ್ಲಿ ಮ್ಯಾನೇಜರು ಮೂಗು ಹಿಡಿದುಕೊಂಡು ಬಂದ.

"ಏನ್ರೀ ಇದು ಗಬ್ಬುನಾತ! ಬೀಗರು ಗೇಟಲ್ಲೇ ಮುಖ ಸಿಂಡರಿಸ್ತಾ ಇದಾರೆ. ಕೊಚ್ಚಿ ಹಾಕ್ರೀ ಅದನ್ನ."

ಕೊಚ್ಚಿದರು. ಮಂಟಪದೊಳಗೆ ಯಾರದೋ ಧಾರೆ ನಡೆಯುತ್ತಿತ್ತು, ಗೇಟಿನಲ್ಲಿ ನನ್ನ ಮದುವೆ ಮುರಿದಿತ್ತು. ಮುಂದಿನ ಮಳೆಗಾಲದಲ್ಲಿ ಅವನ ಬುಡ ಕೊಳೆತು ಉರುಳಿತು. ನನಗೆ ಅಳಲು ಬರುವುದಿಲ್ಲ, ಬಂದಿದ್ದರೆ ಅತ್ತಿರುತ್ತಿದ್ದೆ.

ಕೆಲವು ವರ್ಷಗಳ ಮೇಲೆ ರಸ್ತೆ ಅಗಲ ಮಾಡುವಾಗ ಮಂಟಪ ಹೋಯಿತು. ನನ್ನನ್ನು ಒಂದು ಕಾಲೇಜಿನ ತೋಟಕ್ಕೆ ತಂದರು. ಸಸ್ಯಶಾಸ್ತ್ರದ ವಾರಿಜಾಕ್ಷಿ ಮೇಡಂ ತರಗತಿಯನ್ನು ನನ್ನ ಮುಂದೆಯೇ ನಡೆಸುತ್ತಿದ್ದರು.

"ಇವರ ವಂಶ ಹೂವಿಗಿಂತ ಹಳೆಯದು. ಆದರೆ ಈಗಿರೋ ಜಾತಿಗಳು ಅಷ್ಟು ಹಳೆಯವಲ್ಲ. ಬೆಟ್ಟ, ಸಮುದ್ರ, ಮಳೆ ಸೇರಿ ಒಂದೇ ಮನೆಯವರನ್ನ ಬೇರೆ ಬೇರೆ ಮಾಡಿದವು. ಘಟ್ಟದ ಮಳೆಯಲ್ಲಿ ಉಳಿದವರ ಗರಿ ಅಗಲ. ಇವಳು ಒಣಗುಡ್ಡದವಳು, ನೋಡಿ, ಗರಿ ಕಿರಿದು, ಗಡುಸು. ಕಡಲಂಚಿನವರ ಬೀಜದೊಳಗೆ ಬೆಂಡಿನಂಥ ಪದರ ಇರುತ್ತೆ. ತೇಲಿಕೊಂಡೇ ದ್ವೀಪ ಸೇರಿಬಿಟ್ಟರು."

ನನ್ನ ಗರಿ ಯಾಕೆ ಹೀಗೆ ಎಂದು ನನಗೆ ಗೊತ್ತಾದದ್ದೇ ಅಂದು. ಘಟ್ಟದಿಂದ ತಂದ ಒಬ್ಬ ಗಂಡು ಆ ತೋಟದಲ್ಲಿಯೂ ಇದ್ದ. ಆದರೆ ಅವನ ಗೊನೆ ಅವನ ಊರಿನ ಮಳೆಯ ಲೆಕ್ಕದಲ್ಲಿ ಏಳುತ್ತಿತ್ತು, ನಾನು ನನ್ನ ಗುಡ್ಡದ ಲೆಕ್ಕದಲ್ಲಿ ತೆರೆಯುತ್ತಿದ್ದೆ. ಅವನು ಮುಗಿಸಿ ಎರಡು ತಿಂಗಳಾದ ಮೇಲೆ ನನ್ನ ಸರದಿ. ಒಂದೇ ಬೇಲಿಯೊಳಗಿದ್ದೂ ನಾವು ಬೇರೆ ಬೇರೆ ಊರಿನವರು.

ಮೇಡಂ ಇದನ್ನು ಗಮನಿಸಿದರು. ನಿವೃತ್ತಿಗೆ ಎರಡು ವರ್ಷವಿದ್ದಾಗ, ನನ್ನ ಊರು ಯಾವುದೆಂದು ನರ್ಸರಿಯವರನ್ನು ಕೇಳಿ ತಿಳಿದು, ಹದ್ದಿನಕಲ್ಲಿಗೆ ಹೋಗಿ ಬಂದರು. ಅರ್ಧ ಗುಡ್ಡವನ್ನು ಕ್ವಾರಿ ತಿಂದಿತ್ತಂತೆ. ಅರಣ್ಯದವರ ಬೇಲಿಯೊಳಗೆ ಉಳಿದ ಅರ್ಧದಲ್ಲಿ ಹೆಣ್ಣು ಒಂದೂ ಇರಲಿಲ್ಲ, ಮುದಿ ಗಂಡೊಂದು ಮಾತ್ರ ನಿಂತಿತ್ತು. ಅವನ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ತಂದು ಮೇಡಂ ತಮ್ಮ ಕೈಯಿಂದಲೇ ನನ್ನ ಸುಳಿಗೆ ಉದುರಿಸಿದರು. ಆ ತಿಂಗಳುಗಳನ್ನು ಹೇಗೆ ಕಳೆದೆನೋ! ಗಾಳಿ ಬೀಸಿದರೂ ಗಾಬರಿ, ಅಳಿಲು ಹತ್ತಿದರೂ ಗಾಬರಿ.

ಬೀಜ ಹಣ್ಣಾದವು. ತೋಟದ ಮಾಲಿ ಪಾಪಣ್ಣ ಅವನ್ನು ಬಕೆಟ್ಟಿನ ನೀರಿಗೆ ಸುರಿದ. ಬಹಳಷ್ಟು ತೇಲಿದವು, ಏಳು ಮುಳುಗಿದವು.

"ಮುಳುಗ್ದವ ಏನ್ ಮಾಡ್ಲಿ ಮೇಡಮ್ಮಾ?"

"ಅವು ಕೆಟ್ಟಿರೋವು, ಎಸೆದುಬಿಡು. ತೇಲೋದೇ ಬೀಜ, ಸಮುದ್ರ ದಾಟೋ ಜಾತಿ ಇದು."

ಚಿಕ್ಕಂದಿನಲ್ಲಿ ದ್ವೀಪದಿಂದ ತಂದಿದ್ದ ಬೀಜವೊಂದು ಅವರ ಮೇಜಿನ ಮೇಲೆ ಸೀಸೆಯಲ್ಲಿತ್ತು. ಮೂವತ್ತು ವರ್ಷ ಅದನ್ನೇ ನೀರಿನಲ್ಲಿ ತೇಲಿಸಿ ತೋರಿಸಿದ ಕೈ ಅದು. ಊರೂರಿಗೆ ಬೇರೆ ಎಂದು ಪಾಠ ಹೇಳಿದವರೇ ಊರು ಮರೆತರು. ಮಾದಿ ಅಜ್ಜಿ ಬದುಕಿದ್ದರೆ ಬಕೆಟ್ಟನ್ನೇ ಕಸಿದುಕೊಳ್ಳುತ್ತಿದ್ದಳು. ನನಗೆ ಬಾಯಿಲ್ಲ. ಪಾಪಣ್ಣ ನನ್ನ ಏಳು ಮಕ್ಕಳನ್ನು ಬೊಗಸೆಯಲ್ಲಿ ತುಂಬಿ, ಹಳೆಯ ಲ್ಯಾಬು ಕೆಡವಿದ ಕಲ್ಲುಮಣ್ಣಿನ ರಾಶಿಗೆ ಎಸೆದ. ಜೊಳ್ಳುಗಳಿಗೆ ಮಾತ್ರ ಕೆಮ್ಮಣ್ಣು, ಗೊಬ್ಬರ, ನೆರಳು, ದಿನಾ ನೀರು. ಉಪಚಾರ ನೋಡಿ ನನ್ನ ಮೈ ಉರಿಯಿತು.

ಜೊಳ್ಳುಗಳೆಲ್ಲ ಕೊಳೆತವು. ಮೇಡಂ ದಿನವೂ ಮಣ್ಣು ಕೆದಕಿ ನೋಡಿ, ಒಂದು ದಿನ ನೋಡುವುದನ್ನು ಬಿಟ್ಟರು. ಒಂದು ಬೇಸಿಗೆ ಕಳೆಯಿತು. ಮೊದಲ ಮಳೆಯ ಮರುದಿನ ಪಾಪಣ್ಣ ಓಡಿ ಬಂದ.

"ಮೇಡಮ್ಮಾ, ನೀವ್ ಎಸಿ ಅಂದ್ರಲ್ಲ, ಅವೇ ಹುಟ್ಟವೆ! ಐದು!"

ಮೇಡಂ ರಾಶಿಯ ಮೇಲೆ ಕುಳಿತೇಬಿಟ್ಟರು. ಸುಟ್ಟ ಇಟ್ಟಿಗೆ, ಒಡೆದ ಕಲ್ಲು, ಒಂದು ಬೊಗಸೆ ಮಣ್ಣು. ಅದರ ನಡುವೆ ಐದು ಕಿರಿದಾದ ಗಡುಸು ಗರಿ.

"ಕುಂಡಕ್ಕೆ ಹಾಕಿ ಆಫೀಸಿನ ಮುಂದೆ ಇಡ್ಲಾ? ದಿನಾ ನೀರ್ ಹಾಕ್ತೀನಿ," ಎಂದ ಪಾಪಣ್ಣ.

"ಬೇಡಪ್ಪ. ನಮ್ಮ ಉಪಚಾರ ಸಾಕು," ಎಂದರು.

ಮರುವಾರ ಐದನ್ನೂ ಕಲ್ಲುಮಣ್ಣಿನ ಸಮೇತ ಗೋಣಿಯಲ್ಲಿ ಒಯ್ದರು. ಆ ದಿನವಿಡೀ ನನ್ನ ಗರಿ ಒಂದೂ ನೆಟ್ಟಗೆ ನಿಲ್ಲಲಿಲ್ಲ.

ಸಂಜೆ ಮೇಡಂ ಧೂಳುಗಾಲಿನಲ್ಲೇ ನೇರ ನನ್ನ ಬಳಿ ಬಂದು ಬೊಡ್ಡೆಗೆ ಒರಗಿದರು. ಮರುದಿನ ಅವರ ನಿವೃತ್ತಿ.

"ನಿನ್ನ ಗುಡ್ಡದ ಬಂಡೆ ಸಂದಿಯಲ್ಲಿ ನೆಟ್ಟು ಬಂದೆ ಕಣೇ," ಎಂದರು. "ನೀರು ಹಾಕಲಿಲ್ಲ."

ನನಗೀಗ ವಯಸ್ಸಾಗಿದೆ. ಆ ಐದರಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ತಿಳಿಯಲು ಇನ್ನೂ ಹತ್ತು ಹದಿನೈದು ವರ್ಷ ಬೇಕು, ಅಷ್ಟು ಕಾಯುವ ತಾಳ್ಮೆ ನನಗೆ ಎಂದೂ ಇರಲಿಲ್ಲ. ಆದರೂ ಕಾಯುತ್ತೇನೆ. ಗುಡ್ಡದ ಪಾಲು ಗುಡ್ಡಕ್ಕೆ ಸಂದಿದೆ.