ಗಾಳಿಯೆಂದು ಎಣಿಸಿದ ಗೋಡೆ

ತಪ್ಪು ಹುಡುಕಲೆಂದು ಕೂತವಳಲ್ಲ ಅವಳು. ಹಳೆಯ ಹೆರಿಗೆ ಆಸ್ಪತ್ರೆಗೆ ಹಾಕಿದ ಸಿಡಿಲುರಕ್ಷೆಯ ಕಾಗದಕ್ಕೆ ಅಕ್ಕನ ಗಂಡನ ರುಜು ಆಗಲೇ ಬಿದ್ದಿತ್ತು. ಪಕ್ಕದಲ್ಲಿ ತನ್ನದೊಂದು ಹಾಕಿದರೆ ಮುಗಿಯುತ್ತಿತ್ತು. ಕಚೇರಿಯಲ್ಲಿದ್ದವರೇ ಅವರಿಬ್ಬರು. ಈ ವಿದ್ಯೆಯ ಅಆಇಈ ತಿದ್ದಿಸಿದವನೂ ಭಾವನೇ.

ಸಿಡಿಲನ್ನು ನೆಲಕ್ಕಿಳಿಸುವ ತಾಮ್ರದ ಪಟ್ಟಿ ಹೊರಗೋಡೆಗೆ ಅಂಟಿಕೊಂಡು ಬರುತ್ತದೆ. ಮೂರನೇ ಮಹಡಿಯಲ್ಲಿ ಅದೇ ಗೋಡೆಯ ಒಳಬದಿಗೆ ನೀರಿನ ಕಬ್ಬಿಣದ ಕೊಳವೆ, ಅದರ ಬುಡದಲ್ಲಿ ಬಾಣಂತಿಯರ ಮಂಚ. ನಡುವಿನ ಅಂತರ ಸಾಲದಿದ್ದರೆ ಸಿಡಿಲು ಪಟ್ಟಿ ಬಿಟ್ಟು ಕೊಳವೆಗೆ ಹಾರುತ್ತದೆ. ಮೂವತ್ತೈದು ಸೆಂಟಿಮೀಟರ್ ಬೇಕು, ನಲವತ್ತಿದೆ ಎಂದು ಭಾವ ಬರೆದಿದ್ದ. ಆ ಮೂವತ್ತೈದು ನಡುವೆ ಬರೀ ಗಾಳಿಯಿದ್ದಾಗಿನ ಅಂಕಿ. ನಡುವೆ ಇಟ್ಟಿಗೆ ಬಂದರೆ ಎರಡರಷ್ಟು, ಎಪ್ಪತ್ತು ಬೇಕು ಎಂದು ಅವಳು ತೋರಿಸಿದಳು.

ಭಾವ ಕನ್ನಡಕವನ್ನು ಹಣೆಗೇರಿಸಿ ನಕ್ಕ. “ಆನೆ ಗುದ್ದಿದ್ರೂ ಅಲ್ಲಾಡದ ಗೋಡೆ ಅದು. ನಿಂಗೆ ಗಾಳೀನೇ ಗಟ್ಟಿ ಅನ್ನಿಸ್ತಾ?”

“ಗೋಡೆ ನಮಗೆ ಗಟ್ಟಿ ಭಾವ. ಸಿಡಿಲಿಗೆ ಗಾಳಿ ದಾಟೋದೇ ಕಷ್ಟ. ಹೇಳ್ಕೊಟ್ಟಿದ್ದು ನೀವೇ.”

ನಗು ಅಲ್ಲಿಗೇ ನಿಂತಿತು. ಮೊದಮೊದಲು ಅವನದು ಗೋಡೆಯಿಲ್ಲದ ಶೆಡ್ಡುಗಳ ಕೆಲಸ. ನಡುವೆ ಇದ್ದದ್ದು ಗಾಳಿಯೊಂದೇ. ಆಗಿನ ಲೆಕ್ಕದ ಹಾಳೆಯನ್ನೇ ಕಟ್ಟಡದಿಂದ ಕಟ್ಟಡಕ್ಕೆ ನಕಲಿಳಿಸುತ್ತ ಬಂದಿದ್ದ. ಎತ್ತರ ತಿದ್ದಿದ್ದ, ಗಾಳಿಯನ್ನು ಹಾಗೇ ಬಿಟ್ಟಿದ್ದ.

ಕಿಟಕಿಯಾಚೆ ಪಡುವಣದಲ್ಲಿ ಮೋಡ ಕಪ್ಪುಗಟ್ಟುತ್ತಿತ್ತು. ಸೋಮವಾರ ಸದ್ದಿಲ್ಲದೆ ಸರಿಪಡಿಸೋಣ, ಈಗ ಬಾಯಿಬಿಟ್ಟರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು ಎಂದ. ಅವಳು ರುಜು ಹಾಕದೆ ಪೆನ್ನಿಗೆ ಮುಚ್ಚಳ ಹಾಕಿಟ್ಟಳು.

ಅವನು ಬಹಳ ಹೊತ್ತು ಕಣ್ಮುಚ್ಚಿ ಕೂತಿದ್ದ. ಪ್ರಾರ್ಥನೆಯೋ, ಲೆಕ್ಕವೋ, ಅವಳಿಗೆ ತಿಳಿಯಲಿಲ್ಲ.

“ಇಷ್ಟು ಮಳೆಗಾಲ ದೇವರು ಕಾಯ್ದ,” ಎಂದ ಕೊನೆಗೆ. “ಇನ್ನೂ ಅವನ ತಲೆಗೇ ಕಟ್ಟೋದು ತರವಲ್ಲ.”

ಆಸ್ಪತ್ರೆಯ ಹಿರಿಯ ನರ್ಸಿಗೆ ಫೋನು ಮಾಡಿದ. “ಅಮ್ಮಾ, ತಪ್ಪು ನಂದು. ಆ ಗೋಡೆ ಬದಿಯ ಮಂಚಗಳನ್ನ ಈಗ್ಲೇ ಆಚೆ ಎಳೆಸಿ. ನಲ್ಲಿ ಯಾರೂ ಮುಟ್ಬಾರ್ದು.”

ಎದೆಯ ಭಾರ ಇಳಿಯಿತೆಂದುಕೊಂಡಳು. ಆದರೆ ಭಾವ ಬೀರು ತೆರೆದು ಹಳೆಯ ಕಡತಗಳನ್ನು ಮೇಜಿಗೆ ಸುರಿದ. ಎಲ್ಲದರಲ್ಲೂ ಅದೇ ಹಾಳೆ. ಅರ್ಧವನ್ನು ಅವಳ ಕಡೆಗೆ ತಳ್ಳಿದ.

ಮೊದಲನೆಯದು ಒಂದು ಶಾಲೆ. ಅವಳು ಅಲ್ಲಿಯ ನಂಬರು ಒತ್ತಿದಳು. ಎಲ್ಲೋ ದೂರದಲ್ಲಿ ಗುಡುಗಿತು. ಆ ಕಡೆ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅವಳು ಮತ್ತೆ ಒತ್ತಿದಳು.